ಕಡಲಡಿಯಲ್ಲಿ ಹಾದ ಪಿಟೀಲು

ನನಗೊಂದು ಚಟ ಅಂಟಿಕೊಂಡಿದೆ. ಯಾರು ಏನು ಕೇಳಿದರೂ ತಟ್ಟನೆ ಉತ್ತರ ಕೊಡುವುದಿಲ್ಲ. ಒಂದು ಗಳಿಗೆ ಸುಮ್ಮನಿದ್ದು, ಎದುರಿನವರ ಮಾತು ನಿಜಕ್ಕೂ ಮುಗಿಯಿತೋ ಇನ್ನೂ ಬಾಲ ಉಳಿದಿದೆಯೋ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಬಾಯಿ ತೆರೆಯುತ್ತೇನೆ. ವಾಸ್ಕೋ ಮಾರುಕಟ್ಟೆಯ ಮೀನಿನಾಕೆ ಬಂಗಡೆಯ ದರ ಹೇಳಿದಾಗಲೂ ಹಾಗೇ ನಿಲ್ಲುತ್ತೇನೆ. ಇವಳಿಗೆ ದರ ಒಪ್ಪಿಗೆಯಾಗಲಿಲ್ಲ ಎಂದುಕೊಂಡು ಆಕೆ ತಾನೇ ಇಳಿಸಿಬಿಡುತ್ತಾಳೆ. ಲಾಭ ಅಷ್ಟೇ, ಉಳಿದದ್ದೆಲ್ಲ ನಷ್ಟ. "ನಿನ್ನ ಜೋಡಿ ಜಗಳಾ ಆಡೂದಂದ್ರ ಟಪಾಲಿನಾಗ ಜಗಳಾ ಆಡಿದಂಗ" ಎನ್ನುತ್ತಾರೆ ನನ್ನ ಗಂಡ. ಅವ್ವನಂತೂ ನನಗೆ ಕಿವಿ ಮಂದವಾಗಿದೆ ಎಂದು ತೀರ್ಮಾನಿಸಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಬಟ್ಟಲು ಹಿಡಿದು ಮನೆ ತುಂಬ ಅಟ್ಟಿಸಿಕೊಂಡು ಬಂದಿದ್ದಾಳೆ.

ಕಿವಿ ನೆಟ್ಟಗಿದೆ, ನಂಬಿ. ಇದು ನೌಕರಿಯಿಂದ ಬಂದ ರೋಗ. ವರ್ಷಗಟ್ಟಲೆ ನಾನು ಮಾತಾಡುತ್ತ ಬಂದದ್ದು ದೂರದ ದೇಶಗಳಲ್ಲಿ ಕುಳಿತ, ಮುಖ ಕಾಣದ ಜನರ ಜೊತೆ. ನನ್ನ ಮಾತು ಅವರನ್ನು ಮುಟ್ಟಲು ಒಂದು ಕ್ಷಣ ಬೇಕು, ಅವರ ಮಾತು ನನ್ನನ್ನು ಮುಟ್ಟಲು ಇನ್ನೊಂದು. ಆ ಸಂದಿಯಲ್ಲಿ ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ಒಟ್ಟಿಗೆ ನಿಲ್ಲುತ್ತೇವೆ. "ನೀವು ಹೇಳಿ" ಎಂದು ಅವರು, "ಇಲ್ಲ ಇಲ್ಲ, ನೀವು ಹೇಳಿ" ಎಂದು ನಾನು. ನಮ್ಮ ವಿಜಾಪುರದ ಕಡೆಯವರಿಗೆ ಈ ವಿಷಯದಲ್ಲಿ ಮೊದಲೇ ಸ್ವಲ್ಪ ಅತಿಯಾದ ಮರ್ಯಾದೆ. ಬಾಗಿಲಲ್ಲಿ ಇಬ್ಬರು ಎದುರಾದರೆ "ನೀವ ಮೊದಲ ಹೋಗ್ರಿ", "ಏ, ನೀವ ಹೋಗ್ರಿ" ಎನ್ನುತ್ತ ಅಲ್ಲೇ ಸಂಜೆ ಮಾಡುವ ಜನ ನಾವು. ಅಂಥ ಮನೆಯಲ್ಲಿ ಹುಟ್ಟಿದವಳನ್ನು ದೇವರು ತಂದು ಇಂಥ ಕೆಲಸಕ್ಕೆ ಕೂಡಿಸಿದ್ದಾನೆ.

ಕೆಲಸ ಏನೆಂದು ನಾನೇ ಹೇಳುವುದಕ್ಕಿಂತ ಅವ್ವ ಹೇಳುವುದು ಚೆನ್ನ. ಅಕ್ಕಪಕ್ಕದವರು ಕೇಳಿದರೆ ಅವಳದು ಒಂದೇ ಉತ್ತರ: "ನಮ್ಮ ಕಸ್ತೂರಿ ವಾಯರ್ ಕಾಯ್ತಾಳ್ರಿ." ಕೇಳಿದವರು ನಾನು ವಿದ್ಯುತ್ ಕಂಬಗಳ ಕೆಳಗೆ ಕೋಲು ಹಿಡಿದು ನಿಲ್ಲುತ್ತೇನೆ ಎಂದುಕೊಳ್ಳುತ್ತಾರೆ. ನಿಜವಾಗಿ ನಾನು ಕೂರುವುದು ಗೋವಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಗುಡ್ಡದ ಮೇಲಿನ ಕಟ್ಟಡ, ಕಿಟಕಿಯಿಂದ ಸಮುದ್ರ ಕಾಣುತ್ತದೆ. ನನ್ನ ಕೋಣೆಗೆ ಮಾತ್ರ ಕಿಟಕಿಯಿಲ್ಲ. ಯಂತ್ರಗಳಿಗೆ ಸೆಕೆಯಾಗಬಾರದೆಂದು ಎಸಿ ಹಾಕಿರುವುದರಿಂದ ಮೇ ತಿಂಗಳಲ್ಲೂ ಶಾಲು ಹೊದ್ದು ಕೂರುತ್ತೇನೆ. ಊರೆಲ್ಲ ಬೆವರುವಾಗ ಶಾಲು ಹೆಗಲಿಗೇರಿಸಿ ಬಸ್ಸು ಹತ್ತುವ ನನ್ನನ್ನು ಕಂಡಕ್ಟರು ಇವತ್ತಿಗೂ ಅನುಮಾನದಿಂದಲೇ ನೋಡುತ್ತಾನೆ.

ಈ ವಾಯರಿನ ಕಥೆ ಸ್ವಲ್ಪ ಹೇಳಬೇಕು. ನಾವೆಲ್ಲ ಸಿನಿಮಾ ನೋಡುವ, ಸೀರೆ ಕೊಳ್ಳುವ ಇಂಟರ್ನೆಟ್ಟು ಒಂದು. ಅದು ಪೇಟೆಯ ರಸ್ತೆ. ಅದರಿಂದ ಬೇರೆಯಾಗಿ ಜಗತ್ತಿನ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾಲಯಗಳು ತಮ್ಮತಮ್ಮಲ್ಲೇ ಮಾಡಿಕೊಂಡಿರುವ ಇನ್ನೊಂದು ಜಾಲವಿದೆ. ಒಂದೊಂದು ದೇಶದವರು ತಮ್ಮ ದೇಶದೊಳಗೆ ದಾರಿ ಹಾಕಿಕೊಂಡಿದ್ದಾರೆ. ಆಮೇಲೆ ಗಡಿಗಳಲ್ಲಿ, ಕಡಲಡಿಯ ಕೇಬಲ್ಲುಗಳಲ್ಲಿ ಒಬ್ಬರ ದಾರಿಗೆ ಇನ್ನೊಬ್ಬರು ತಮ್ಮದನ್ನು ಕೂಡಿಸಿದ್ದಾರೆ. ದೂರದರ್ಶಕಗಳು ಕಂಡ ಆಕಾಶ, ಹಡಗುಗಳು ಅಳೆದ ಸಮುದ್ರ, ಆಸ್ಪತ್ರೆಗಳು ತೆಗೆದ ಮೆದುಳಿನ ಚಿತ್ರ ಎಲ್ಲ ಇದರಲ್ಲೇ ಓಡಾಡುತ್ತವೆ. ಕೂದಲಿನಷ್ಟು ತೆಳು ಗಾಜಿನ ಎಳೆ, ಅದರೊಳಗೆ ಬೆಳಕು. ಇಷ್ಟು ವರ್ಷ ಇದರ ಉಪ್ಪು ತಿಂದರೂ, ಸಮುದ್ರ ನೋಡಿದಾಗಲೆಲ್ಲ ಇದರ ತಳದಲ್ಲಿ ಬೆಳಕು ಓಡುತ್ತಿದೆಯಲ್ಲ ಎಂದು ಮೈ ಜುಮ್ಮೆನ್ನುತ್ತದೆ.

ಒಮ್ಮೆ ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಜೋಳದ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು.

"ಇಷ್ಟೆಲ್ಲಾ ದೇಶ ಕೂಡ್ಯಾವಲ್ಲ, ಇದಕ್ಕ ಯಜಮಾನ ಯಾರ?"

"ಯಾರೂ ಇಲ್ಲವ್ವ."

"ಯಾರೂ ಇಲ್ಲಂದ್ರ ಹೆಂಗ? ಬೈಯಾಕರ ಒಬ್ಬಾಂವ ಬೇಕಲ್ಲ."

"ಬೈಯಾವ್ರೂ ಇಲ್ಲ. ಎಲ್ಲಾರೂ ಕೂಡಿ ನಡಸ್ತೇವಿ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಏನರ ಸುಳ್ಳು ಹೇಳಬ್ಯಾಡ" ಎಂದಳು. ನಾಲ್ಕು ಜನ ಸೊಸೆಯರ ಮನೆಯಲ್ಲಿ ಬಾಳಿ ಬಂದವಳು, ಅವಳನ್ನು ನಂಬಿಸುವುದು ಸುಲಭವಲ್ಲ.

ಅವ್ವ ಬೋಗಮಾಳೊ ಬೀಚಿನಲ್ಲಿ ಮಣಿಸರ, ಕನ್ನಡಿ ಹೊಲಿದ ಚೀಲ ಮಾರಿದವಳು. ಅಪ್ಪ ಬಂದರಿನಲ್ಲಿ ಹಮಾಲಿ. ನಾವಿದ್ದದ್ದು ವಾಸ್ಕೋದ ಬಾಯ್ನಾದಲ್ಲಿ, ಸಮುದ್ರದ ದಂಡೆಗೆ ಒತ್ತಿಕೊಂಡಿದ್ದ ತಗಡಿನ ಮನೆ. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಬಂದರಿನ ಅದಿರಿನ ಧೂಳು ಕೂತು ಕೆಂಪಾಗುತ್ತಿತ್ತು. ನನ್ನ ಶಾಲೆಯ ಬಿಳಿ ಅಂಗಿ ಎಂದೂ ಬಿಳಿಯಿರಲಿಲ್ಲ. ಟೀಚರು ಬೈದರೆ, "ಬಂದರಿನವರಿಗೆ ಹೇಳ್ರಿ, ನನಗ್ಯಾಕ ಬೈತೀರಿ?" ಎಂದು ಎದುರು ಮಾತಾಡಿ ಬೆಂಚಿನ ಮೇಲೆ ನಿಂತದ್ದುಂಟು. ಆ ಕಾಲದಲ್ಲಿ ಸಮುದ್ರ ಎಂದರೆ ಜಗತ್ತು ಮುಗಿಯುವ ಗೋಡೆ ಎಂದೇ ನನ್ನ ತಿಳಿವಳಿಕೆ. ಹಡಗುಗಳು ಆ ಗೋಡೆಯ ಹಿಂದಿನಿಂದ ಬರುತ್ತಿದ್ದವು, ಮತ್ತೆ ಅಲ್ಲೇ ಹೋಗಿ ಅಡಗುತ್ತಿದ್ದವು. ಅಲ್ಲಿ ಇನ್ನೂ ಜನ ಇದ್ದಾರೆ, ಅವರಿಗೂ ಹಲ್ಲುನೋವು, ಪರೀಕ್ಷೆ, ಅತ್ತೆಕಾಟ ಇದೆ ಎಂದು ನನಗೆ ಗೊತ್ತಾದದ್ದು ನೌಕರಿಗೆ ಸೇರಿದ ಮೇಲೆಯೇ.

ಸಿಂಗಾಪುರದ ಲಿಮ್ ಅಂಥವರಲ್ಲಿ ಒಬ್ಬರು. ಅಲ್ಲಿಯ ವಿದ್ಯಾಜಾಲದಲ್ಲಿ ನನ್ನ ಹಾಗೆಯೇ ವಾಯರು ಕಾಯುವವರು. ಅವರ ಮುಖ ನಾನು ಇವತ್ತಿನವರೆಗೆ ನೋಡಿಲ್ಲ. ಆದರೆ ಅವರ ಕೆಮ್ಮು ಗೊತ್ತು, ಸಿಟ್ಟು ಬಂದರೆ ಕೀಲಿಮಣೆ ಜೋರಾಗಿ ಕುಟ್ಟುವುದು ಗೊತ್ತು, ಮಗಳು ಗಣಿತದಲ್ಲಿ ಹಿಂದೆ ಎಂಬ ಚಿಂತೆ ಗೊತ್ತು. ಕೊಲಂಬೊದಲ್ಲಿ ನಿಲ್ಮಿನಿ ಎಂಬಾಕೆ ಇದ್ದಾಳೆ. ಅವಳು ಬರೆಯುವ ಇಮೇಲಿನಲ್ಲಿ ಎಂದೂ ಎರಡು ಸಾಲಿಗಿಂತ ಹೆಚ್ಚಿಲ್ಲ. ಆದರೆ ಆ ಎರಡು ಸಾಲಿನಲ್ಲಿ ಕೆಲಸ ಮುಗಿದಿರುತ್ತದೆ.

ನಮ್ಮ ಈ ಮಂದಿಯಲ್ಲಿ ಒಂದು ಪದ್ಧತಿ ಇದೆ. ಹಂಚಿಕೊಂಡ ದಾರಿಯನ್ನು ಯಾರೇ ಮುಟ್ಟುವುದಿದ್ದರೂ ಮೊದಲು ಆ ದಾರಿಯಲ್ಲಿರುವ ಎಲ್ಲರಿಗೂ ತಿಳಿಸಬೇಕು. ಇಂಥ ಹೊತ್ತಿಗೆ, ಇಂಥ ಕಡೆ, ಇಂಥ ಕೆಲಸ ಮಾಡುತ್ತೇವೆ, ಯಾರಿಗಾದರೂ ತೊಂದರೆಯಿದ್ದರೆ ಕೂಗಿ ಹೇಳಿ. ಯಾರೂ ಕೂಗದಿದ್ದರೆ ಒಪ್ಪಿಗೆ. ಬಾಯ್ನಾದ ನಲ್ಲಿಯ ಮುಂದೆ ಮದುವೆ ಮನೆಯವರು ಕೊಡ ತಂದರೆ ಉಳಿದವರು ತಮ್ಮ ಕೊಡ ಹಿಂದೆ ಸರಿಸುತ್ತಿದ್ದರು. ಅದಕ್ಕೂ ಯಾರೂ ಕಾಯಿದೆ ಮಾಡಿರಲಿಲ್ಲ. ಆದರೆ ನಲ್ಲಿಯ ಮುಂದಿನವರು ಒಂದೇ ಗಲ್ಲಿಯವರು, ಸಂಜೆ ಮತ್ತೆ ಮುಖ ನೋಡಬೇಕಾದವರು. ಇಲ್ಲಿ ಹಾಗಲ್ಲ. ಜನ್ಮದಲ್ಲಿ ಎದುರಾಗದವರು ಒಬ್ಬರಿಗೊಬ್ಬರು ದಾರಿ ಬಿಡುತ್ತಾರೆ. ಅದೇ ನನಗೆ ಇವತ್ತಿಗೂ ಬಿಡಿಸಲಾಗದ ಸೋಜಿಗ.

ಈ ಸೋಜಿಗ ಎಷ್ಟು ದೊಡ್ಡದೆಂದು ನನಗೆ ಪೂರ್ತಿ ತಿಳಿದದ್ದು ರಾಜೇಸಾಬನ ಮಗಳಿಂದ.

ರಾಜೇಸಾಬ ನಮ್ಮ ಬಾಯ್ನಾದ ಮನೆಗೆ ಗೋಡೆ ಕೂಡಿದ ಮನೆಯವನು. ಮುದ್ದೇಬಿಹಾಳದ ಕಡೆಯವರು, ಮನೆಯಲ್ಲಿ ಉರ್ದುವಿಗಿಂತ ಕನ್ನಡವೇ ಹೆಚ್ಚು. ನನಗಿಂತ ಚಿಕ್ಕವನಾದ್ದರಿಂದ ಹುಟ್ಟಿದಾಗಿನಿಂದ ನಾನು ಅವನಿಗೆ ಅಕ್ಕ. ಬಾಯ್ನಾದ ಮನೆಗಳನ್ನು ಸರ್ಕಾರದವರು ಕೆಡವಿದಾಗ ಅವರು ಮಡಗಾಂವಿನ ಮೋತಿ ಡೊಂಗರ್ ಎಂಬ ಗುಡ್ಡಕ್ಕೆ ಹೋದರು. ಈಗ ಅವನು ಟೆಂಪೊ ಓಡಿಸುತ್ತಾನೆ. ಮಗಳು ಶಬಾನಾ ಸಣ್ಣವಳಿದ್ದಾಗ ಅಪ್ಪನ ಟೆಂಪೊದಲ್ಲಿ ಕುರ್ಚಿ, ಮೈಕು ಇಳಿಸುವಲ್ಲಿಗೆಲ್ಲ ಹೋಗುತ್ತಿದ್ದಳು. ಒಂದು ಚರ್ಚಿನ ಅಂಗಳದಲ್ಲಿ ಬೆನೆದಿತ್ ಸರ್ ಎಂಬ ಹಿರಿಯರು ಪಿಟೀಲು ಶ್ರುತಿ ಮಾಡುತ್ತಿದ್ದುದನ್ನು ಕೇಳಿ, ಕಾರ್ಯಕ್ರಮ ಮುಗಿಯುವವರೆಗೆ ಅಲ್ಲಿಂದ ಅಲ್ಲಾಡಲಿಲ್ಲವಂತೆ. ಸರ್ ಅವಳನ್ನು ತಮ್ಮ ಮನೆಗೆ ಕರೆದು ಕಲಿಸತೊಡಗಿದರು. ಹೀಗೆ ಮೋತಿ ಡೊಂಗರಿನ ಏರಿನಲ್ಲಿ, ಕುಕ್ಕರುಗಳ ಸೀಟಿ ಮತ್ತು ರಿಕ್ಷಾಗಳ ಹಾರ್ನಿನ ನಡುವೆ ಯೂರೋಪಿನ ಸಂಗೀತ ಕೇಳತೊಡಗಿತು. ಮೊದಮೊದಲು ನೆರೆಯವರು, "ಬೆಕ್ಕಿಗೆ ಏನಾಗೈತ್ರಿ?" ಎಂದು ಕೇಳುತ್ತಿದ್ದರಂತೆ.

ಆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಒಂದು ದಿನ ರಾಜೇಸಾಬ ನನ್ನ ಆಫೀಸಿನ ಗೇಟಿಗೇ ಬಂದ.

"ಅಕ್ಕಾ, ನಿಮ್ಮ ಇಂಟರ್ನೆಟ್ ಭಾಳ ಜೋರ್ ಐತಂತ, ಖರೇನ?"

"ಯಾಕಪ್ಪ, ಟೆಂಪೊಕ್ಕ ಕಟ್ಟಾಂವೇನು?"

ನಕ್ಕ, ಆಮೇಲೆ ನಿಧಾನಕ್ಕೆ ವಿಷಯ ಹೇಳಿದ. ಸಿಂಗಾಪುರದ ಒಂದು ಸಂಗೀತ ಕಾಲೇಜು ಹೊರದೇಶದ ಮಕ್ಕಳಿಗೆ ಪೂರ್ತಿ ಖರ್ಚು ಕೊಟ್ಟು ಕಲಿಸುತ್ತದೆ. ಶಬಾನಾಳ ಧ್ವನಿಮುದ್ರಣ ಕೇಳಿ ಮೆಚ್ಚಿದ್ದಾರೆ. ಆದರೆ ಕೊನೆಯ ಪರೀಕ್ಷೆಯಲ್ಲಿ ಅವರ ಪಿಯಾನೊ ಮೇಡಮ್ಮಿನ ಜೊತೆ ಜೋಡಿಯಾಗಿ ನುಡಿಸಬೇಕು. ಇನ್ನೊಬ್ಬರ ಜೊತೆ ಕೂಡಿ ನುಡಿಸುವ ಗುಣ ಇದೆಯೋ ಇಲ್ಲವೋ ನೋಡುವುದು ಅವರ ನಿಯಮ. ಅಲ್ಲಿಗೆ ಹೋಗೋಣವೆಂದರೆ ಪಾಸ್‌ಪೋರ್ಟ್ ಬಂದಿಲ್ಲ. ರಾಜೇಸಾಬನ ಹಳೆಯ ಕಾಗದಗಳಲ್ಲೆಲ್ಲ ಬಾಯ್ನಾದ ವಿಳಾಸ. ವಿಳಾಸ ಇದೆ, ಆ ವಿಳಾಸದಲ್ಲಿ ಮನೆ ಇಲ್ಲ, ಬರೀ ಉಸುಕು. ಪೊಲೀಸ್ ವಿಚಾರಣೆ ಮುಗಿಯಲು ಇನ್ನೂ ದಿನ ಬೇಕಿತ್ತು. ಪರೀಕ್ಷೆ ಮಾತ್ರ ಕಾಯುವುದಿಲ್ಲ, ಈ ಸಲ ತಪ್ಪಿದರೆ ಅವಳ ವಯಸ್ಸು ಮೀರುತ್ತದೆ.

"ವಿಡಿಯೊ ಕಾಲ್‌ನಾಗ ಬಾರ್ಸಿ ನೋಡಿದ್ವಿ. ಪಿಟೀಲು ಬಾರ್ಸಿದ್ರ ಆ ಕಡಿ ಸದ್ದ ಹೋಗಂಗಿಲ್ಲ. ಮಾತಾಡಿದ್ರ ಹೋಗತೈತಿ."

ಅದು ನಿಜ. ಆ ಆ್ಯಪುಗಳಿಗೆ ಮಾತು ಬಿಟ್ಟು ಉಳಿದದ್ದೆಲ್ಲ ಗದ್ದಲ. ಫ್ಯಾನಿನ ಸದ್ದನ್ನು ಒರೆಸಿ ಹಾಕುವ ಹಾಗೆ ಪಿಟೀಲನ್ನೂ ಒರೆಸಿ ಹಾಕುತ್ತವೆ. ನಮ್ಮ ಜಾಲದಲ್ಲಿ ಸಂಗೀತಗಾರರಿಗೆಂದೇ ಬೇರೆ ವ್ಯವಸ್ಥೆ ಇದೆ. ಸದ್ದನ್ನು ಒಂದಿಷ್ಟೂ ಹಿಂಡದೆ, ಇದ್ದದ್ದನ್ನು ಇದ್ದ ಹಾಗೆ, ಆದಷ್ಟು ಬೇಗ ಆಚೆ ದಡಕ್ಕೆ ಮುಟ್ಟಿಸುವುದು. ಇದು ಓದಿಗೆ ಸಂಬಂಧಿಸಿದ್ದಾದ್ದರಿಂದ ನಮ್ಮ ನಿರ್ದೇಶಕರು ತಕ್ಷಣ ಒಪ್ಪಿದರು. ಲಿಮ್ ಅವರಂತೂ ಹಬ್ಬದ ಮನೆಯವರಂತೆ ಸಡಗರಪಟ್ಟರು.

ಒಪ್ಪಿಗೆಯ ಸುದ್ದಿ ಕೇಳಲು ರಾಜೇಸಾಬ ಮತ್ತೆ ಗೇಟಿಗೆ ಬಂದಾಗ ನಾನು ಕೇಳಿದೆ, "ಆರಿಸಿದ್ರ ಕಳಸ್ತೀಯಲ್ಲ?"

ಅವನು ಟೆಂಪೊದ ಕೀಲಿಯನ್ನು ಬೆರಳಿಗೆ ಸುತ್ತುತ್ತ ನಿಂತ. "ಮೊದಲ ಬಾರ್ಸಲಿ ಅಕ್ಕಾ. ಕಳಸೂದು ಆಮ್ಯಾಲ ನೋಡೂಣು. ಒಬ್ಬಾಕಿನ, ಹೆಣ್ಣು ಹುಡುಗಿ, ಅಷ್ಟು ದೂರ... ಅಲ್ಲಿ ನಮ್ಮಾವ್ರು ಯಾರದಾರ?"

ಲಿಮ್ ಇದ್ದಾರೆ ಎಂದು ಹೇಳಬೇಕೆನ್ನಿಸಿತು. ಮುಖವನ್ನೇ ನೋಡದವರನ್ನು ನಮ್ಮವರು ಎಂದರೆ ಇವನು ನಗುತ್ತಾನೆ ಎಂದು, ಪರೀಕ್ಷೆಗೆ ಎಷ್ಟು ಹೊತ್ತಿಗೆ ಬರಬೇಕೆಂದಷ್ಟೇ ಹೇಳಿ ಒಳಗೆ ಹೋದೆ.

ಪರೀಕ್ಷೆಯ ದಿನ ಬೆಳಿಗ್ಗೆ ಅಪ್ಪ, ಮಗಳು, ಗುರುಗಳು ಮೂವರೂ ಬಂದರು. ಶಬಾನಾ ಪಿಟೀಲಿನ ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗೊತ್ತಿಕೊಂಡಿದ್ದಳು. ಬೆನೆದಿತ್ ಸರ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದರು, ಪರೀಕ್ಷೆ ತಮಗೇ ಎಂಬಂತೆ. ನನ್ನ ಕೋಣೆಯ ಪಕ್ಕದ ಪುಟ್ಟ ಸಭಾಂಗಣದಲ್ಲಿ ಮೈಕು, ಕ್ಯಾಮೆರಾ, ಪರದೆ ಎಲ್ಲ ಜೋಡಿಸಿಟ್ಟಿದ್ದೆ. ಹಿಂದಿನ ದಿನ ಲಿಮ್ ಜೊತೆ ಎಲ್ಲ ಪರೀಕ್ಷಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡು ಮನೆಗೆ ಹೋಗಿದ್ದೆ.

ಬೆಳಿಗ್ಗೆ ನೋಡಿದರೆ ಎಲ್ಲ ತಲೆಕೆಳಗು. ಲಿಮ್ ಆ ಕಡೆ ಒಬ್ಬ ವಿದ್ಯಾರ್ಥಿಯನ್ನು ಪಿಯಾನೊ ಮುಂದೆ ಕೂರಿಸಿ ತಾಲೀಮು ಶುರು ಮಾಡಿಸಿದರು. ಶಬಾನಾ ಒಂದು ಸಾಲು ನುಡಿಸಿ ಪಿಯಾನೊಗಾಗಿ ಕಾದಳು. ಅದು ಬರಲು ತಡವಾಯಿತು. ಬಂದಾಗ ಅದು ಇವಳಿಗಾಗಿ ಕಾಯುತ್ತಿತ್ತು. ಇವಳು ಅದಕ್ಕಾಗಿ ಇನ್ನೂ ಸ್ವಲ್ಪ ತಡೆದಳು, ಅದು ಇವಳಿಗಾಗಿ ಇನ್ನೂ ತಡೆಯಿತು. ಹಾಡು ಏರು ಹತ್ತುವ ಮುದುಕರಂತೆ ನಿಧಾನವಾಗಿ, ಮತ್ತೂ ನಿಧಾನವಾಗಿ, ನಡುದಾರಿಯಲ್ಲಿ ಕೂತೇ ಬಿಟ್ಟಿತು.

ಲಿಮ್ ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು. ನಾನೂ ನನ್ನ ಯಂತ್ರದಲ್ಲಿ ದಾರಿ ಹುಡುಕಿದೆ. ಚೆನ್ನೈಯಿಂದ ಪೂರ್ವಕ್ಕೆ ಹೋಗುವ ಕೇಬಲ್ಲು ಕಡಿದಿತ್ತು. ಎಲ್ಲೋ ಯಾವುದೋ ಹಡಗು ಲಂಗರು ಎಳೆದಿರಬೇಕು. ಜಾಲವೇನೂ ನಿಂತಿರಲಿಲ್ಲ. ಅದರ ಜಾಣತನವೇ ಅದು: ಒಂದು ದಾರಿ ಮುಚ್ಚಿದರೆ ಯಾರನ್ನೂ ಕೇಳದೆ ಇನ್ನೊಂದು ಹಿಡಿಯುತ್ತದೆ. ಈಗ ಶಬಾನಾಳ ಪಿಟೀಲು ಮುಂಬೈಯಿಂದ ಪಶ್ಚಿಮಕ್ಕೆ ಹೊರಟು, ಯೂರೋಪು ಸುತ್ತಿ, ಅರ್ಧ ಭೂಮಿ ಬಳಸಿಕೊಂಡು ಸಿಂಗಾಪುರ ಸೇರುತ್ತಿತ್ತು. ಯಾರ ಇಮೇಲಿಗೂ, ಯಾರ ಕಡತಕ್ಕೂ ಇದರಿಂದ ತೊಂದರೆಯಿಲ್ಲ. ಒಂದು ಕ್ಷಣದ ತಡ ಯಾರಿಗೆ ಗೊತ್ತಾಗುತ್ತದೆ? ಆವತ್ತು ಇಡೀ ಜಾಲದಲ್ಲಿ ಅದು ಗೊತ್ತಾಗುತ್ತಿದ್ದುದು ಒಬ್ಬ ಹುಡುಗಿಗೆ ಮಾತ್ರ.

"ಆಂಟಿ, ಹಿಂಗ ಆದ್ರ ಆಗಂಗಿಲ್ಲರಿ," ಎಂದಳು ಶಬಾನಾ. ಅಳುವಿನ ದನಿಯಲ್ಲ, ಆದರೆ ಮುಖ ಸುಣ್ಣವಾಗಿತ್ತು.

ನಾನು ಕೋಣೆಗೆ ಓಡಿ ಜಾಲದ ಎಲ್ಲರಿಗೂ ಬರೆದೆ. ನಮ್ಮ ಪದ್ಧತಿಯ ಪ್ರಕಾರ ಚುಟುಕಾಗಿ, ಒಣ ಭಾಷೆಯಲ್ಲಿ ಬರೆಯಬೇಕು. ನನ್ನ ಕೈ ಕೇಳಲಿಲ್ಲ. "ಗೋವಾದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಸಿಂಗಾಪುರದ ಪಿಯಾನೊ ಜೊತೆ ಪಿಟೀಲು ನುಡಿಸಬೇಕು. ಇವತ್ತಲ್ಲದಿದ್ದರೆ ಅವಳಿಗೆ ಮತ್ತೆ ಅವಕಾಶವಿಲ್ಲ. ಯಾರ ಬಳಿಯಾದರೂ ಪೂರ್ವಕ್ಕೆ ಚಿಕ್ಕ ದಾರಿ ಇದೆಯೇ?" ಕಳಿಸಿದ ಮೇಲೆ ನಾಚಿಕೆಯಾಯಿತು. ದೊಡ್ಡ ದೊಡ್ಡ ವಿಜ್ಞಾನ ಓಡಾಡುವ ದಾರಿ. ಅಲ್ಲಿ ನಿಂತು ಪಿಟೀಲಿಗೆ ಜಾಗ ಬಿಡಿ ಎಂದರೆ ಏನಂದಾರು?

ಮೊದಲು ಬಂದದ್ದು ನಿಲ್ಮಿನಿಯ ಎರಡು ಸಾಲು. "ಕೊಲಂಬೊದಿಂದ ಸಿಂಗಾಪುರಕ್ಕೆ ನಮ್ಮ ದಾರಿ ಬೇರೆ ಕೇಬಲ್ಲಿನಲ್ಲಿದೆ. ಮುಂಬೈಯಿಂದ ನನ್ನ ಬಳಿಗೆ ತನ್ನಿ, ಮುಂದಿನದು ನನಗೆ ಬಿಡಿ."

ಆಮೇಲೆ ಒಂದರ ಹಿಂದೊಂದು. ಎಲ್ಲಿಯದೋ ಒಂದು ದೂರದರ್ಶಕದವರು ಅದೇ ದಾರಿಯಲ್ಲಿ ಆಕಾಶದ ಚಿತ್ರಗಳನ್ನು ಸಾಗಿಸುತ್ತಿದ್ದರು. ಅವರು ಬರೆದರು: "ನಮ್ಮದನ್ನು ನಿಲ್ಲಿಸಿದ್ದೇವೆ. ನಕ್ಷತ್ರಗಳಿಗೆ ಅವಸರವಿಲ್ಲ." ಇನ್ನೊಂದು ದೇಶದ ಹವಾಮಾನದವರು ತಮ್ಮ ಭಾರೀ ಕಡತಗಳನ್ನು ಮಧ್ಯಾಹ್ನಕ್ಕೆ ತಳ್ಳಿದರು. ನಾನು ಹೆಸರೇ ಕೇಳಿರದ ಒಂದು ವಿಶ್ವವಿದ್ಯಾಲಯದವನು ತಮ್ಮಿಂದ ಕೊಡಲು ದಾರಿ ಏನೂ ಇಲ್ಲ, ಹುಡುಗಿಗೆ ಶುಭಾಶಯ ಹೇಳಿ ಎಂದಷ್ಟೇ ಬರೆದಿದ್ದ. ಶಾಲು ಜಾರಿ ಬಿದ್ದದ್ದೂ ಗೊತ್ತಾಗದೆ ನಾನು ಓದುತ್ತಿದ್ದೆ. ಒಬ್ಬ ಹಮಾಲನ ಮಗಳು ಕೇಳಿದಳೆಂದು, ಟೆಂಪೊದವನ ಮಗಳಿಗಾಗಿ, ನಕ್ಷತ್ರಗಳನ್ನು ನಿಲ್ಲಿಸಿದರಲ್ಲ! ಅವರಲ್ಲಿ ಒಬ್ಬರೂ ಆ ಹುಡುಗಿ ಯಾರು, ಎಲ್ಲಿಯವಳು, ಯಾರ ಪೈಕಿ ಎಂದು ಕೇಳಲಿಲ್ಲ.

ಇಲ್ಲಿ ನಾನು, ಮುಂಬೈಯಲ್ಲಿ ಒಬ್ಬರು, ಕೊಲಂಬೊದಲ್ಲಿ ನಿಲ್ಮಿನಿ, ಸಿಂಗಾಪುರದಲ್ಲಿ ಲಿಮ್. ನಾಲ್ಕೂ ಕಡೆ ಒಂದೊಂದೇ ಗಂಟು ಬಿಚ್ಚಿ ಇನ್ನೊಂದು ಕಡೆ ಕಟ್ಟಿದೆವು. ಕೊನೆಗೆ ಲಿಮ್ "ಬಂತು" ಎಂದರು. ತಡ ಕರಗಿ ಕರಗಿ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆಯಾಗಿತ್ತು. ನಾನು ಸಭಾಂಗಣಕ್ಕೆ ಬಂದು, "ಆತು, ಇನ್ನ ಬಾರ್ಸವಾ" ಎಂದೆ. ಬೆನೆದಿತ್ ಸರ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ "ದೇವ್ ಬರೆಂ ಕರುಂ" ಎಂದು ನನಗೆ ಕೊಂಕಣಿಯಲ್ಲಿ ಹರಸಿದರು. ರಾಜೇಸಾಬ ಗೋಡೆಗೆ ಆತುಕೊಂಡು ನಿಂತೇ ಇದ್ದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

ಪರದೆಯ ಮೇಲೆ ಪಿಯಾನೊ ಮೇಡಂ ಬಂದರು. ನರೆತ ಕೂದಲು, ಮೂಗಿನ ತುದಿಗೆ ಕನ್ನಡಕ. ಅವರ ಹಿಂದೆ ಪರೀಕ್ಷಕರು ಸಾಲಾಗಿ ಕೂತಿದ್ದರು. ಮೇಡಂ ಮುಗುಳ್ನಕ್ಕು ತಲೆಯಾಡಿಸಿದರು. ಶಬಾನಾ ಪಿಟೀಲು ಗದ್ದಕ್ಕೆ ಕೊಟ್ಟಳು.

ಮೊದಲ ಸಾಲುಗಳು ಚೆನ್ನಾಗಿಯೇ ಹೋದವು. ಆಮೇಲೆ ನನಗೆ ಅನುಮಾನ ಬಂತು. ಹಾಡು ಮತ್ತೆ ಜಗ್ಗುತ್ತಿತ್ತು, ಬೆಳಗಿನಷ್ಟಲ್ಲ, ಆದರೆ ಜಗ್ಗುತ್ತಿತ್ತು. ಉಳಿದಿದ್ದ ಆ ಚೂರು ತಡವೇ ಸಾಕಾಗಿತ್ತು. ಶಬಾನಾ ಹಿರಿಯರ ಪಿಯಾನೊಗೆ ಮರ್ಯಾದೆಯಿಂದ ಕಾಯುತ್ತಿದ್ದಳು, ಮೇಡಂ ಹುಡುಗಿಗೆ ಪ್ರೀತಿಯಿಂದ ಕಾಯುತ್ತಿದ್ದರು. ಇಬ್ಬರ ಒಳ್ಳೆಯತನ ಸೇರಿ ಹಾಡನ್ನು ಮುಳುಗಿಸುತ್ತಿತ್ತು. ವೇಗದ ಭಾಗ ಬರುವಷ್ಟರಲ್ಲಿ ಇಬ್ಬರೂ ತಪ್ಪಿದರು. ಮೇಡಂ ಕೈ ತೆಗೆದರು.

"ಇನ್ನೊಂದು ಸಲ ಮೊದಲಿನಿಂದ ನೋಡೋಣ. ಅಷ್ಟೇ ನಮಗಿರುವ ಸಮಯ" ಎಂದರು. ದನಿ ಮೆದುವಾಗಿತ್ತು. ಹಿಂದೆ ಒಬ್ಬ ಪರೀಕ್ಷಕರು ಗಡಿಯಾರ ನೋಡಿದರು.

ನಾನು ಮಾಡಬಹುದಾದದ್ದು ಇನ್ನೇನೂ ಉಳಿದಿರಲಿಲ್ಲ. ದಾರಿ ಇದಕ್ಕಿಂತ ಚಿಕ್ಕದಾಗುವುದಿಲ್ಲ. ಬೆಳಕಿಗೆ ಇನ್ನೂ ಜೋರಾಗಿ ಓಡು ಎಂದು ಹೇಳಲು ಯಾರಿಂದಾದೀತು? ಇಷ್ಟು ದೇಶಗಳವರು ದಾರಿ ಬಿಟ್ಟರೂ ದಡದಲ್ಲೇ ಮುಳುಗಿದೆವಲ್ಲ ಎಂದುಕೊಂಡೆ. ಬೆನೆದಿತ್ ಸರ್ "ಆಯ್ಕ ಬಾಯ್, ಕೇಳು ಮಗಳೇ, ಪಿಯಾನೊ ಕೇಳಿಸಿಕೋ, ಇನ್ನೂ ಚೆನ್ನಾಗಿ ಕೇಳಿಸಿಕೋ" ಎಂದು ಪಿಸುಗುಟ್ಟಿದರು. ಜೀವಮಾನವೆಲ್ಲ ಅವರು ಕಲಿಸಿದ್ದು ಅದನ್ನೇ.

ಶಬಾನಾ ಅವರಿಗೆ ಉತ್ತರಿಸದೆ ನನ್ನ ಕಡೆ ತಿರುಗಿದಳು.

"ಆಂಟಿ, ನಾ ಈಗ ಕೇಳಾಕತ್ತಿದ್ದು ಅವ್ರು ಈಗ ಬಾರ್ಸಿದ್ದಲ್ಲ, ಹೌದಿಲ್ರಿ?"

"ಹೌದವಾ. ಒಂಚೂರು ಹಿಂದ ಬಾರ್ಸಿದ್ದು."

"ಅಂದ್ರ ನನಗ ಕೇಳೂದ್ರಾಗ ಅವ್ರು ಮುಂದ ಹೋಗಿರ್ತಾರ."

"ಹೋಗಿರ್ತಾರ."

ಪಿಟೀಲಿನ ಕಮಾನು ಬಿಗಿಮಾಡಿಕೊಂಡಳು. "ಹಂಗಾರ ನಾ ಕಾಯಂಗಿಲ್ಲರಿ. ಅವ್ರು ಬರತಾರಂತ ತಿಳ್ಕೊಂಡು ನನ್ನ ಪಾಡಿಗೆ ನಾ ಹೋಗ್ಬಿಡ್ತೀನಿ."

ಬೆನೆದಿತ್ ಸರ್ ಕುರ್ಚಿಯಿಂದ ಅರ್ಧ ಎದ್ದರು. ಹಿರಿಯರನ್ನು ಕಾಯದೆ ಮುಂದೆ ಹೋಗುವುದು! ನಮ್ಮ ಮನೆಗಳಲ್ಲಿ ಯಾವ ಹುಡುಗಿಗೂ ಯಾರೂ ಹೇಳಿಕೊಡದ ಮಾತು. ಅವಳು ಪರದೆಯ ಕಡೆ ತಿರುಗಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, "ಮೇಡಂ, ಈ ಸಲ ನನಗಾಗಿ ಕಾಯಬೇಡಿ. ನಾನೂ ನಿಮಗಾಗಿ ಕಾಯುವುದಿಲ್ಲ" ಎಂದಳು. ಮೇಡಂ ಕನ್ನಡಕದ ಮೇಲಿನಿಂದ ಅವಳನ್ನು ಒಮ್ಮೆ ನೋಡಿ ಪಿಯಾನೊದ ಮೇಲೆ ಕೈಯಿಟ್ಟರು.

ಆಮೇಲೆ ನಡೆದದ್ದನ್ನು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ, ನಾನು ಸಂಗೀತ ಬಲ್ಲವಳಲ್ಲ. ಶಬಾನಾ ಹೊರಟಳು. ಹಿಂದೆ ತಿರುಗಿ ನೋಡಲಿಲ್ಲ. ಪಿಯಾನೊ ತುಸು ಹಿಂದೆ ಕೇಳಿಸಿದಾಗಲೂ ತಡೆಯಲಿಲ್ಲ, ಕಣ್ಣು ಮುಚ್ಚಿಕೊಂಡು ಹೋಗುತ್ತಲೇ ಇದ್ದಳು. ಅಲ್ಲಿ, ಕಡಲಾಚೆ, ಕಾಣದ ಕಡೆಯಲ್ಲಿ ಮೇಡಂ ಬರುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಬರುತ್ತಲೇ ಇದ್ದರು. ವೇಗದ ಭಾಗದಲ್ಲಿ ಎರಡೂ ಸದ್ದು ಒಂದರೊಳಗೊಂದು ಹೆಣೆದುಕೊಂಡವು, ಯಾವುದು ಗೋವಾದ್ದು ಯಾವುದು ಸಿಂಗಾಪುರದ್ದು ನನಗೆ ಬೇರೆ ಮಾಡಲಾಗಲಿಲ್ಲ. ನಾನು ಹುಟ್ಟಿ ಬೆಳೆದ ದಂಡೆಯ ಅದೇ ಸಮುದ್ರ, ಅದರ ಕೆಳಗೆ, ಕತ್ತಲಲ್ಲಿ, ಕೂದಲಿನಷ್ಟು ಗಾಜಿನೊಳಗೆ ಇದು ಓಡುತ್ತಿದೆ! ಲಿಮ್ ಕೇಳುತ್ತಿದ್ದಾರೆ, ನಿಲ್ಮಿನಿಯ ಮನೆಯಂಗಳದಿಂದ ಹಾಯುತ್ತಿದೆ, ಯಾರದೋ ನಕ್ಷತ್ರಗಳು ಪಕ್ಕಕ್ಕೆ ಸರಿದು ನಿಂತಿವೆ. ನನ್ನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಇಲ್ಲ.

ಕೊನೆಯ ಸ್ವರ ನಿಂತಿತು. ಆ ಕಡೆಯಿಂದ ಏನೂ ಕೇಳಲಿಲ್ಲ. ಇದು ಕೇಬಲ್ಲಿನ ತಡವೋ ಮನುಷ್ಯರ ತಡವೋ ತಿಳಿಯದೆ ಪರದೆಯ ಹತ್ತಿರಕ್ಕೆ ಹೋದೆ. ಮೇಡಂ ಹಿಂದಕ್ಕೆ ತಿರುಗಿ ಪರೀಕ್ಷಕರ ಮುಖ ನೋಡಿದರು, ಅವರು ತಲೆಯಾಡಿಸಿದರು. ಮೇಡಂ ಮತ್ತೆ ನಮ್ಮ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಬೆನೆದಿತ್ ಸರ್ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡರು.

ರಾಜೇಸಾಬ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. "ಅಕ್ಕಾ, ಏನಂದ್ರು? ಏನಂದ್ರ ಅವ್ರು?"

ಶಬಾನಾಳೇ ಹೇಳಿದಳು. "ನಿನ್ನ ಆರಿಸೇವಿ, ಪಾಸ್‌ಪೋರ್ಟ್ ಬರೂತನಕ ನಿನ್ನ ಸಂಬಂಧ ಇಲ್ಲಿ ಕುರ್ಚಿ ಇಟ್ಕೊಂಡು ಕುಂದರ್ತೀವಿ, ಬಾ ಅಂದಾರ ಅಬ್ಬಾ."

ಪರದೆಯಲ್ಲಿ ಮೇಡಂ ಇನ್ನೂ ನೋಡುತ್ತಲೇ ಇದ್ದರು. ರಾಜೇಸಾಬ ಅವರನ್ನು ಬಹಳ ಹೊತ್ತು ನೋಡಿದ. ಆಮೇಲೆ ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿಕೊಂಡು, ಮನೆಗೆ ಬಂದ ಬೀಗರಿಗೆ ಮಾಡುವ ಹಾಗೆ ಪರದೆಗೆ ಕೈಯೆತ್ತಿ ಸಲಾಂ ಮಾಡಿದ.

"ಹೋಗವಾ" ಎಂದ ಮಗಳಿಗೆ. "ಕರದಾರ. ಕರದ ಮ್ಯಾಲ ಹೋಗಬೇಕು."